ರಿಂಗಿನ ಕೆಳಗೆ ನಿಲ್ಲುವವನು

ಮಣ್ಣಗುಡ್ಡ, ಮಂಗಳೂರು
ಜೂನ್ 22, 2025

ಧನರಾಜ್ ಅವರಿಗೆ,

ಹರಿಣಾಕ್ಷಿಯ ನಮಸ್ಕಾರ. ಕ್ಷೇಮ ಸಮಾಚಾರ ಕೇಳುವುದಿಲ್ಲ. ಮೊನ್ನೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಕಣ್ಣಾರೆ ನೋಡಿದೆ. ಹೊಟ್ಟೆ ಬಂದಿದೆ, ಸ್ವರ ಮಾತ್ರ ಮೊದಲಿನಷ್ಟೇ ದೊಡ್ಡದಿದೆ.

ಟ್ರಯಲ್ಸಿಗೆ ಬಂದ ಹುಡುಗರ ಬಗ್ಗೆ ಅಭಿಪ್ರಾಯವನ್ನು ಬರೆದು ಕೊಡಿ ಎಂದು ನೀವೇ ಕೇಳಿದಿರಿ. ನಾವು ಬೇರೆಯಾಗಿ ಇಷ್ಟು ವರ್ಷಗಳಾದ ಮೇಲೆ ನನ್ನನ್ನು ನೀವು ಕೋಚ್ ಆಗಿರುವ ಕಾಲೇಜಿಗೆ ಕರೆದದ್ದು ಪ್ರೀತಿಯಿಂದಲ್ಲ, ಹೊರಗಿನ ಆಯ್ಕೆಗಾರರೊಬ್ಬರ ಸಹಿ ಬೇಕಿತ್ತು, ಅಷ್ಟೆ. ಗೊತ್ತಿದ್ದೇ ಬಂದೆ. ಒಂದು ಕಾಲದಲ್ಲಿ ರಾಜ್ಯ ತಂಡಕ್ಕೆ ರಿಂಗಿನ ಕೆಳಗೆ ನಿಲ್ಲುತ್ತಿದ್ದ ಸೆಂಟರ್ ಈಗ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕರೆದರೆ ಬರುತ್ತಾಳೆ, ಕಾಫಿ ಕುಡಿದು ಸಹಿ ಹಾಕುತ್ತಾಳೆ ಎಂದು ನೀವು ಎಣಿಸಿದ್ದರಲ್ಲಿ ತಪ್ಪಿಲ್ಲ. ಕಾಫಿ ಕುಡಿದೆ.

ನಿಮ್ಮ ಕಾಲೇಜಿನ ಆಡಳಿತ ಮಂಡಳಿಯ ಸೆಕ್ರೆಟರಿ ಗಿರಿಯಪ್ಪನವರು ಬಾಗಿಲಲ್ಲೇ ಅಳತೆಯ ಟೇಪು ಹಿಡಿದು ನಿಂತಿದ್ದರು. ಒಳಗೆ ಬರುವ ಪ್ರತಿ ಹುಡುಗನನ್ನೂ ಗೋಡೆಗೆ ಒರಗಿಸಿ ಅಳೆಯುವುದು, ಆರೂವರೆ ಅಡಿ ದಾಟಿದರೆ ಬೆನ್ನು ತಟ್ಟುವುದು. ಮೀನು ಮಾರುಕಟ್ಟೆಯಲ್ಲಿ ಅಂಜಲ್ ತೆಗೆದುಕೊಳ್ಳುವವರು ಕೂಡ ಕಿವಿರು ಎತ್ತಿ ನೋಡುತ್ತಾರೆ. ನಿಮ್ಮ ಕಾಲೇಜಿನವರಿಗೆ ಉದ್ದ ಇದ್ದರೆ ಸಾಕು. ನೀವು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದಿರಿ. ನೀವೂ ಆಡಿದವರು ಎಂಬುದು ಆಗ ನನಗೆ ನಂಬಲಿಕ್ಕಾಗಲಿಲ್ಲ.

ಏಜೆಂಟ್ ಮೂಲಕ ಉತ್ತರ ಭಾರತದಿಂದ ಬಂದ ಆ ಹುಡುಗ ಎಲ್ಲರಿಗಿಂತ ಎತ್ತರ, ನಿಜ. ತೆಂಗಿನ ಮರಕ್ಕೆ ಜೆರ್ಸಿ ಹಾಕಿದರೂ ಅಷ್ಟೇ ಎತ್ತರ ಇರುತ್ತದೆ. ಬಾಲು ಅವನ ಕಾಲ ಬಳಿಯೇ ಬಿದ್ದಿತ್ತು. ಅವನು ಬಗ್ಗಿ ಹೆಕ್ಕುವಷ್ಟರಲ್ಲಿ ಎದುರು ತಂಡದವರು ಅದನ್ನು ತೆಗೆದುಕೊಂಡು ಹೋಗಿ ಆ ಕಡೆಯ ರಿಂಗಿಗೆ ಹಾಕಿ ಆಗಿತ್ತು. ಗಿರಿಯಪ್ಪನವರ ತಂಗಿಯ ಮಗ ರಂಜಿತನ ಬಗ್ಗೆ ಏನು ಬರೆಯಲಿ? ಜಿಮ್ಮಿನಲ್ಲಿ ಬೆಳೆಸಿದ ತೋಳು, ಪ್ರತಿ ಬಾಸ್ಕೆಟ್ ಆದ ಮೇಲೆ ಗ್ಯಾಲರಿಯಲ್ಲಿ ಮೊಬೈಲ್ ಹಿಡಿದ ಗೆಳೆಯನ ಕಡೆ ಒಂದು ನೋಟ. ಮೈಗೆ ಮೈ ತಾಗಿದರೆ ಅವನ ಮುಖ ಬಾಡುತ್ತದೆ. ರಿಂಗಿನ ಕೆಳಗೆ ಆಡುವುದೆಂದರೆ ಬೇರೆಯವರ ಮೊಣಕೈಯನ್ನು ಪಕ್ಕೆಲುಬಿಗೆ ತೆಗೆದುಕೊಳ್ಳುವ ಕೆಲಸ ಎಂದು ಅವನಿಗೆ ಯಾರೂ ಹೇಳಿಲ್ಲ. ಇನ್ನೊಬ್ಬ, ಕೂದಲಿಗೆ ಬಣ್ಣ ಹಾಕಿದವನು, ರಿಂಗಿನ ಹತ್ತಿರ ಸುಳಿಯಲೇ ಇಲ್ಲ. ಈಗಿನ ಕಾಲದ ಎತ್ತರದವರು ದೂರದಿಂದಲೇ ಹೊಡೆಯುತ್ತಾರಂತೆ. ಹೊಡೆಯಲಿ, ಬೇಡ ಎನ್ನುವುದಿಲ್ಲ. ಅವನು ಹೊಡೆದದ್ದು ಒಂದೂ ಬೀಳಲಿಲ್ಲ.

ಉಳಿದವನು ರೂಪೇಶ್.

ಅವನನ್ನು ನೋಡಿ ನಾನು ಕುರ್ಚಿಯಿಂದ ಎದ್ದದ್ದನ್ನು ನೀವು ನೋಡಿದಿರಿ. ನಕ್ಕಿರಿ ಕೂಡ. ಬಾಲು ರಿಂಗಿಗೆ ತಾಗುವ ಮೊದಲೇ ಅದು ಎಲ್ಲಿ ಬೀಳುತ್ತದೆ ಎಂದು ಅವನಿಗೆ ತಿಳಿಯುತ್ತದೆ. ಎದುರಾಳಿಯನ್ನು ಸೊಂಟದಿಂದ ಹಿಂದಕ್ಕೆ ಒತ್ತಿ ಜಾಗ ಹಿಡಿದು ನಿಲ್ಲುತ್ತಾನೆ. ಅಂಥ ಸೆಂಟರನ್ನು ನಾನು ಈ ಊರಿನಲ್ಲಿ ನೋಡದೆ ಎಷ್ಟೋ ಕಾಲವಾಯಿತು. ಹಾಗಾದರೆ ಪಟ್ಟಿಗೆ ಸಹಿ ಹಾಕದೆ ಯಾಕೆ ಹೋದೆ ಎಂದು ನೀವು ಮೂರು ಸಲ ಮೆಸೇಜ್ ಮಾಡಿದಿರಿ.

ಅವನು ಎರಡು ಕಾಲಿನಿಂದ ಹಾರಿ ಒಂದೇ ಕಾಲಿನ ಮೇಲೆ ಇಳಿಯುತ್ತಿದ್ದ. ಟ್ರಯಲ್ಸ್ ಮುಗಿದ ಮೇಲೆ ಗ್ಯಾಲರಿಯ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡವಾಗಿ ಇಳಿದ. ನಾನು ದಿನವೂ ನನ್ನ ಮನೆಯ ಮೆಟ್ಟಿಲನ್ನು ಇಳಿಯುವುದು ಹಾಗೆಯೇ.

ಕೆಳಗೆ ಹೋಗಿ, ಎಂತ ಮಾರಾಯ, ಕಾಲಿಗೆ ಎಂತ ಆಯ್ತು ಎಂದು ಕೇಳಿದೆ.

"ಎಂತ ಇಲ್ಲ ಮೇಡಂ. ಸ್ವಲ್ಪ ನೋವು ಉಂಟು. ಸರ್ ಮಾತ್ರೆ ಕೊಟ್ಟಿದ್ದಾರೆ."

"ಯಾವ ಸರ್?"

"ನಮ್ಮ ಧನರಾಜ್ ಸರ್. ನನಗೆ ಆಟ ಕಲಿಸಿದ್ದೇ ಅವರು."

ಎಷ್ಟು ವಿಶ್ವಾಸದಿಂದ ಹೇಳಿದ ಗೊತ್ತುಂಟಾ? ನಿಮ್ಮ ಹೆಸರನ್ನು ಅಷ್ಟು ಗೌರವದಿಂದ ಯಾರಾದರೂ ಹೇಳಿದ್ದನ್ನು ಕೇಳದೆ ಬಹಳ ದಿನವಾಗಿತ್ತು.

ಮರುದಿನ ಅವನನ್ನು ಫಳ್ನೀರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ್ ಬೆನೆಡಿಕ್ಟ್ ಅವರಿಗೆ ತೋರಿಸಿದೆ. ಸ್ಕ್ಯಾನ್ ಆಯಿತು. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಈ ವರ್ಷ ಪೂರ್ತಿ ಹಾರುವುದು ಬಿಟ್ಟರೆ ಕೂಡಿಕೊಳ್ಳುತ್ತದೆ, ಮುಂದೆ ಬೇಕಾದಷ್ಟು ಆಡಬಹುದು. ಮಾತ್ರೆ ನುಂಗಿ ಆಡುತ್ತಾ ಹೋದರೆ ಒಂದು ದಿನ ಎಲುಬು ಎರಡು ತುಂಡು, ಒಳಗೆ ಸರಳು ಹಾಕಬೇಕಾಗುತ್ತದೆ ಎಂದರು. ಆಸ್ಪತ್ರೆಯ ಹೊರಗೆ ನಿಂತು ನಿಮಗೆ ಫೋನ್ ಮಾಡಿದೆ. ನಿಮ್ಮ ಉತ್ತರ ಇನ್ನೂ ಕಿವಿಯಲ್ಲಿ ಉಂಟು.

"ಟೂರ್ನಮೆಂಟ್ ಒಂದು ಮುಗಿಯಲಿ ಹರಿಣಾ, ಮತ್ತೆ ನೋಡುವ. ಈ ಸಲವೂ ಸೋತರೆ ನನ್ನ ಕೆಲಸ ಹೋಗ್ತದೆ."

ಅಂದರೆ ಬಿರುಕಿನ ಬಗ್ಗೆ ನಿಮಗೆ ಅಂದಾಜು ಇತ್ತು. ನೀವು ಆಶ್ಚರ್ಯಪಡಲೂ ಇಲ್ಲ.

ಅಂತರ ವಿಶ್ವವಿದ್ಯಾಲಯದ ಫೈನಲ್ ದಿನ ನನ್ನ ಮೊಣಕಾಲಿಗೆ ಇಂಜೆಕ್ಷನ್ ಚುಚ್ಚುವಾಗಲೂ ನೀವು ಇದೇ ಸ್ವರದಲ್ಲಿ ಮಾತಾಡಿದ್ದಿರಿ. ನನ್ನ ಬ್ಯಾಗ್ ಹಿಡಿದುಕೊಂಡು ಪಕ್ಕದಲ್ಲಿ ನಿಂತು, ಒಂದೇ ಮ್ಯಾಚ್ ಅಲ್ವಾ ಹರಿಣಾ ಎಂದಿರಿ. ಆಗ ನಮಗೆ ಮದುವೆಯ ಮಾತಾಗಿತ್ತು, ನಿಮ್ಮ ಮಾತಿಗೆ ಬೆಲೆ ಇತ್ತು. ಅದು ನಿಜಕ್ಕೂ ಒಂದೇ ಮ್ಯಾಚ್ ಆಯಿತು. ಅದರ ನಂತರ ನಾನು ಹಾರಲಿಲ್ಲ. ಆಗ ನಿಮಗೆ ವಯಸ್ಸು ಚಿಕ್ಕದು, ತಿಳಿಯದೆ ಹೇಳಿದಿರಿ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈಗ ಆ ಸಮಾಧಾನವನ್ನೂ ನೀವು ಕಿತ್ತುಕೊಂಡಿರಿ.

ಸ್ಕ್ಯಾನಿನ ಫಿಲ್ಮ್ ಹಿಡಿದು ರೂಪೇಶನ ಜೊತೆ ಕೂಳೂರಿನ ಅವನ ಮನೆಗೆ ಹೋದೆ. ಅವನ ತಾಯಿ ದೇಯಿ ಗೇರುಬೀಜದ ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ.

"ಹಾಗಾದರೆ ಆಡದಿದ್ದರೆ ಸೀಟು ಇಲ್ವಾ ಟೀಚರ್?" ಎಂದು ಕೇಳಿದರು. "ಫೀಸು ಕಟ್ಟಿ ಓದಿಸಲಿಕ್ಕೆ ನನ್ನಿಂದ ಆಗುದಿಲ್ಲ. ಕಾಲು ಸರಿ ಆಗ್ಲಿಕ್ಕೆ ಮನೆಯಲ್ಲಿ ಕೂತರೆ, ಮತ್ತೆ ಇವನನ್ನು ಯಾರು ಕರೀತಾರೆ?"

ತಂಡಕ್ಕೆ ಆಯ್ಕೆಯಾದವರಿಗೆ ಮಾತ್ರ ನಿಮ್ಮ ಕಾಲೇಜು ಫೀಸಿಲ್ಲದ ಸೀಟು ಕೊಡುತ್ತದೆ ಎಂಬುದು ನನಗೂ ಗೊತ್ತಿತ್ತು. ಅಷ್ಟರಲ್ಲಿ ರೂಪೇಶ್ ಎದ್ದು ಅಂಗಳಕ್ಕೆ ಹೋದ. ಹಿಂದೆ ಹೋದೆ. ಅವನು ತಿರುಗಿ ನೋಡದೆ, "ನೀವು ಯಾಕೆ ಹೇಳಿದ್ದು ಮೇಡಂ? ನೋವು ನನ್ನದಲ್ವಾ? ನಿಮಗೆ ಎಂತ ನಷ್ಟ ಇತ್ತು?" ಎಂದ. ಅಷ್ಟೆತ್ತರದ ಹುಡುಗ ಅಂಗಳಕ್ಕೆ ಚಾಚಿದ ತಗ್ಗಿನ ಮಾಡಿನ ಕೆಳಗೆ ಬಗ್ಗಿ ನಿಂತಿದ್ದ. ಉಪಕಾರ ಮಾಡಲು ಹೋದವಳು ಕಳ್ಳಿಯ ಹಾಗೆ ಗೇಟು ದಾಟಿ ಬಂದೆ.

ನನ್ನ ಲಿಖಿತ ಅಭಿಪ್ರಾಯ ಇಷ್ಟೇ. ಎತ್ತರದವರಲ್ಲಿ ಮೂವರು ಅಯೋಗ್ಯರು. ನಾಲ್ಕನೆಯವನು ಯೋಗ್ಯ, ಆದ್ದರಿಂದಲೇ ಈ ವರ್ಷ ಅವನನ್ನು ಕೋರ್ಟಿಗೆ ಇಳಿಸಬಾರದು. ಮಾತ್ರೆ ಕೊಡುವ ಕೋಚನ್ನು ಅಳೆಯಲು ಗಿರಿಯಪ್ಪನವರ ಟೇಪಿನಲ್ಲಿ ಗುರುತುಗಳಿಲ್ಲ. ಸ್ಕ್ಯಾನಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ.

ರೂಪೇಶನ ಸೀಟಿನ ವಿಷಯವನ್ನು ನಿನ್ನೆ ಗಿರಿಯಪ್ಪನವರ ಹತ್ತಿರ ಮಾತಾಡಿ ಇತ್ಯರ್ಥ ಮಾಡಿದ್ದೇನೆ. ಫೀಸು ಇಲ್ಲ, ಈ ವರ್ಷ ಆಟವೂ ಇಲ್ಲ. ವಿವರ ನಿಮಗೆ ಅವರಿಂದಲೇ ತಿಳಿಯುತ್ತದೆ.

ಇನ್ನು ಬರೆಯುವುದಕ್ಕೆ ಏನೂ ಉಳಿದಿಲ್ಲ.

ಹರಿಣಾಕ್ಷಿ

ಮತ್ತೆ: ಅವರಿಂದಲೇ ತಿಳಿಯುತ್ತದೆ ಎಂದು ಬರೆದು ಮುಚ್ಚಿದ್ದ ಲಕೋಟೆಯನ್ನು ಪುನಃ ಬಿಚ್ಚಿದ್ದೇನೆ. ಇಷ್ಟೆಲ್ಲ ನಿಮ್ಮನ್ನು ಜರೆದು, ಇದೊಂದನ್ನು ಬೇರೆಯವರ ಬಾಯಿಗೆ ಬಿಡುವುದು ಹೇಡಿತನ. ಆಡದ ಹುಡುಗನಿಗೆ ಸೀಟು ಯಾಕೆ ಎಂದು ಗಿರಿಯಪ್ಪನವರು ವಾದ ಹಾಕಿದರು. ಮುಂದಿನ ವರ್ಷ ಅವನನ್ನು ಇಟ್ಟುಕೊಂಡು ತಂಡ ಕಟ್ಟಿ ತೋರಿಸುತ್ತೇನೆ ಎಂದೆ. ಹಾಗಾದರೆ ನೀವೇ ಕೋಚ್ ಆಗಿ ಬನ್ನಿ, ಧನರಾಜರನ್ನು ಈ ತಿಂಗಳಿಗೇ ಕೆಲಸದಿಂದ ಬಿಡಿಸುತ್ತೇವೆ ಎಂದರು. ಒಪ್ಪಿದೆ. ಹುಡುಗನ ಸೀಟಿಗಾಗಿ ಒಪ್ಪಿದೆ ಎಂದು ಬರೆದರೆ ಅರ್ಧ ಸತ್ಯ. ಆ ಕುರ್ಚಿ ನನಗೂ ಬೇಕಿತ್ತು, ನಿಮ್ಮಿಂದಲೇ ಕಿತ್ತುಕೊಳ್ಳಬೇಕಿತ್ತು. ಕೂಳೂರಿಗೆ ಇವತ್ತು ಪುನಃ ಹೋಗಿ ರೂಪೇಶನಿಗೆ ತಿಳಿಸಿದೆ. ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಸೀಟಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. "ಹಾಗಾದರೆ ಧನರಾಜ್ ಸರ್ ಇನ್ನು ಎಲ್ಲಿಗೆ ಹೋಗ್ತಾರೆ ಮೇಡಂ?" ಎಂದು ಕೇಳಿದ, ಕಣ್ಣು ತುಂಬಿತ್ತು. ನನಗೆ ಗೊತ್ತಿಲ್ಲ ಎಂದೆ. ನೀವು ಅವನಿಗೊಂದು ಫೋನ್ ಮಾಡಿ.