ಎರಡನೇ ಪಾಳಿಯ ಬಸ್ಸು

ಸೀಸೆ ಕಾರ್ಖಾನೆಯ ಕಾಲೊನಿ,
ಸೋಮವಾರ, ಮಾರ್ಚ್ ೧೨

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಟೀವಿಯಲ್ಲಿ ನೋಡಿದರೆ ಮುಖ ತುಂಬಿಕೊಂಡಿದೆ, ಕೆನ್ನೆಗೆ ಏನೋ ಬಳಿದಿದ್ದರು ಕೂಡ. ಹೊಟ್ಟೆಯುರಿ ಕಡಿಮೆಯಾಯಿತೇ? ವೈದ್ಯರು ಹೇಳಿದ ಹೊಟ್ಟೆಯುರಿಯನ್ನು ಕೇಳುತ್ತಿದ್ದೇನೆ, ಇನ್ನೊಂದು ನಿನಗೆ ಹುಟ್ಟಿನಿಂದಲೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಿನ್ನ ಭಾವನ ಕೆಮ್ಮು ಕುಲುಮೆಯ ಕೆಲಸ ಬಿಡುವ ತನಕ ಬಿಡುವುದಿಲ್ಲ, ಕುಲುಮೆಯನ್ನು ಅವರು ಬಿಡುವುದಿಲ್ಲ. ನನಗೂ ಕನ್ನಡಕ ಬಂದಿದೆ. ದೀಪದ ಮುಂದೆ ಸಾಲಾಗಿ ಹೋಗುವ ಸೀಸೆಗಳಲ್ಲಿ ಬಿರುಕು ಹುಡುಕುತ್ತಾ ಕೂತವಳಿಗೆ ಕಣ್ಣು ಇಷ್ಟು ವರ್ಷ ಜೊತೆ ಕೊಟ್ಟಿದ್ದೇ ಹೆಚ್ಚು.

ಚುನಾವಣೆಯಲ್ಲಿ ನಮ್ಮ ಊರು ಪಕ್ಷದ ಕೈ ಯಾಕೆ ಬಿಟ್ಟಿತು, ತಿಳಿದದ್ದನ್ನು ಬರೆದು ಕಳಿಸು, ವರದಿಗೆ ಬೇಕು ಎಂದು ಕೇಳಿದ್ದೀಯ. ಪಕ್ಷದ ಮುಖ್ಯ ಕಚೇರಿಯಲ್ಲಿ ನಿನ್ನ ಜೊತೆ ಅಷ್ಟೊಂದು ಜನ ಕುರ್ಚಿ ಸವೆಸುತ್ತಿರುವಾಗ ವರದಿಗೆ ನನ್ನ ಅಕ್ಷರ ಬೇಕಾಯಿತಲ್ಲ ಎಂದು ಸಂತೋಷವೇ ಆಯಿತು. ಆದರೆ ನನ್ನನ್ನು ಕೇಳುವ ಮೊದಲೇ ನೀನು ಟೀವಿಯಲ್ಲಿ ಕೂತು ಉತ್ತರ ಹೇಳಿಬಿಟ್ಟಿದ್ದೆ. "ಅಲ್ಲಿನ ಜನ ಮುಗ್ಧರು. ಒಂದು ವ್ಯಾನಿನ ಆಸೆಗೆ ಮರುಳಾದರು." ಕ್ಯಾಂಟೀನಿನಲ್ಲಿ ನಮ್ಮ ಪಾಳಿಯವರೆಲ್ಲ ಊಟ ಮಾಡುತ್ತಾ ಅದನ್ನು ನೋಡಿದರು. ಯಾರೂ ನನ್ನ ಕಡೆ ತಿರುಗಲಿಲ್ಲ. ತಿರುಗಿ ಬೈದಿದ್ದರೆ ಅನ್ನ ಇಳಿಯುತ್ತಿತ್ತು. ಒಬ್ಬಳು ಮಾತ್ರ ತಟ್ಟೆ ತೊಳೆಯುತ್ತಾ ನಿಧಾನವಾಗಿ, "ನಿನ್ ತಮ್ಮ ಮಾತು ಚೆನ್ನಾಗ್ ಆಡ್ತಾನೆ ಬಿಡು" ಅಂದಳು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಸಮಾಧಾನವಾಗಿ ಓದು.

ಎರಡನೇ ಪಾಳಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಕರೆದೊಯ್ಯುತ್ತಿದ್ದ ಬಸ್ಸು ನಿನಗೆ ನೆನಪಿರಬೇಕು. ಅಪ್ಪ ಮತ್ತು ಅವರ ಜೊತೆಯವರು ಕುಲುಮೆ ಆರಿಸಿ ಮುಷ್ಕರ ಹೂಡಿ ತಂದ ಬಸ್ಸು ಅದು. ಪಕ್ಷ ಈ ಊರಲ್ಲಿ ಬೇರು ಬಿಟ್ಟದ್ದೇ ಆ ಬಸ್ಸಿನಿಂದ. ಅಮ್ಮ ಇವತ್ತಿಗೂ ಪಕ್ಷದವರನ್ನು "ನಮ್ಮೋರು" ಅನ್ನುತ್ತಾಳೆ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಆ ಬಸ್ಸನ್ನು ನಿಲ್ಲಿಸಿದರು. ನಿಲ್ಲಿಸಿದ ಸರ್ಕಾರ ನಮ್ಮೋರದೇ.

ನಾವೊಂದಷ್ಟು ಜನ ಶಾಸಕರ ಹತ್ತಿರ ಹೋದೆವು. ಅವರಿಗೆ ಊರಿನವರು ಇಸ್ತ್ರಿ ಸಾಹೇಬ ಅನ್ನುವುದು ನಿನಗೆ ಗೊತ್ತಿಲ್ಲದೆ ಏನಿಲ್ಲ. ನಮ್ಮ ಜೊತೆ ಕಿಲಕಿಲ ಇದ್ದಳು. ಸಾಲಿನಲ್ಲಿ ನನ್ನ ಪಕ್ಕಕ್ಕೆ ಕೂರುವವಳು, ಬೈದರೂ ನಗುತ್ತಾಳೆಂದು ಆ ಹೆಸರು. ರೈಲ್ವೆ ಗೇಟಿನಾಚೆ, ನಮ್ಮ ವಾರ್ಡಿನ ಕೊನೆಯ ಬೀದಿಯಲ್ಲಿ ಅವಳ ಮನೆ. ಇಸ್ತ್ರಿ ಸಾಹೇಬರು ಅಂಗಿಯ ಮಡಿಕೆ ಕೆಡದ ಹಾಗೆ ಕೂತು, "ಅದು ನಷ್ಟದ ಮಾರ್ಗ ಕಣಮ್ಮ. ಸಾರಿಗೆ ನೀತಿನೇ ಬದಲಾಗ್ತಿದೆ. ನೀವು ಸ್ವಲ್ಪ ದೊಡ್ಡದಾಗಿ ಯೋಚಿಸ್ಬೇಕು" ಅಂದರು. ಕಿಲಕಿಲ, "ಆಗ್ಲಿ ಸಾರ್, ದಾರಿನೂ ದೊಡ್ಡದೇ ಇದೆ, ಯೋಚಿಸ್ಕೊಂಡೇ ನಡೀತೀವಿ" ಅಂದಳು. ತಮ್ಮನ್ನು ಹೊಗಳಿದಳೆಂದು ತಿಳಿದು ಅವರೂ ನಕ್ಕರು. ಅಷ್ಟು ಬುದ್ಧಿಯ ಮನುಷ್ಯನನ್ನು ನಾವು ಎರಡು ಸಲ ಗೆಲ್ಲಿಸಿದ್ದೆವು.

ಆಮೇಲೆ ಆ ಹೆಂಗಸರು ನಡೆದೇ ಮನೆಗೆ ಹೋಗುತ್ತಿದ್ದರು. ರೈಲ್ವೆ ಗೇಟು ದಾಟಿದ ಮೇಲೆ ದೀಪವಿಲ್ಲದ ರಸ್ತೆ. ಒಂದು ದಿನ ಅಲ್ಲೇ ಕಿಲಕಿಲಳಿಗೆ ಲಾರಿ ತಗುಲಿ, ನಿಲ್ಲಿಸದೆ ಹೋಯಿತು. ಬಲಗಾಲಿನ ಮೂಳೆ ಪುಡಿಯಾಯಿತು. ಆಸ್ಪತ್ರೆಯ ಕಾರಿಡಾರಿನಿಂದಲೇ ನಾನು ನಿನಗೆ ಫೋನು ಮಾಡಿದೆ. ನೀನು ಸಭೆಯಲ್ಲಿದ್ದೆ. ಮೆಸೇಜು ಬಂತು: "ತುಂಬಾ ದುಃಖಕರ. ವಿವರ ಕಚೇರಿಗೆ ಕಳಿಸು." ಕಳಿಸಿದೆ. ನಿನ್ನ ಕಚೇರಿಯಿಂದ ಬಂದ ಉತ್ತರದಲ್ಲಿ, ಪಕ್ಷ ಮಹಿಳೆಯರ ಸುರಕ್ಷತೆಗೆ ಬದ್ಧವಾಗಿದೆ ಎಂದಿತ್ತು. ಅವಳ ಹೆಸರನ್ನು ಮಾತ್ರ ತಪ್ಪು ಬರೆದಿದ್ದರು. ಅದನ್ನು ಅವಳಿಗೆ ಓದಿ ಹೇಳಿದೆ. ಮಂಚದ ಮೇಲೆ ನೋವು ತಿನ್ನುತ್ತಾ ಮಲಗಿದ್ದವಳು, "ಯಾರಪ್ಪ ಇವ್ಳು, ಪಾಪ, ಅವ್ಳಿಗೂ ಕಾಲ್ ಮುರೀತಾ" ಎಂದು ನಕ್ಕಳು.

ಆಗ ಬಂದವನು ಹಲ್ಲಣ್ಣ. ಲಾರಿ ಮಾಲೀಕ, ಎದುರು ಪಕ್ಷದವನು, ಹಲ್ಲು ಕಾಣದ ಅವನ ಫೋಟೊ ಊರಲ್ಲಿ ಒಂದೂ ಇಲ್ಲ. ಅವನನ್ನು ನಾನು ಹೊಗಳುತ್ತೇನೆಂದು ಹೆದರಬೇಡ. ಕಿಲಕಿಲಳಿಗೆ ತಗುಲಿದ್ದು ಅವನದೇ ಲಾರಿ ಎಂದು ಅರ್ಧ ಊರಿಗೆ ಅನುಮಾನ. ಹಣ್ಣಿನ ಬುಟ್ಟಿ ತಂದ, ಅವಳ ತಲೆಯ ಮೇಲೆ ಕೈಯಿಟ್ಟ, ಫೋಟೊ ತೆಗೆಸಿಕೊಂಡ. ಅವಳ ಮಗು ಹಣ್ಣಿಗೆ ಕೈ ಹಾಕಿದರೆ, "ಇರು ಪುಟ್ಟ, ಇನ್ನೊಂದ್ ತೆಗೀಲಿ" ಅಂದ. ಅಷ್ಟು ನಾಚಿಕೆಗೆಟ್ಟವನು. ಆದರೆ ಆವತ್ತು ಲಿಫ್ಟು ಕೆಟ್ಟಿತ್ತು. ಎಕ್ಸ್‌ರೇಗೆ ಕೆಳಗೆ ಹೋಗಬೇಕು, ಹೊರುವವರಿಲ್ಲ. ಅವನು ತನ್ನ ಇಬ್ಬರು ಲೋಡರ್‌ಗಳನ್ನು ಬಿಟ್ಟುಹೋದ. ಅವರು ಅವಳನ್ನು ಮೆಟ್ಟಿಲಿಳಿಸಿ, ಕಾದು, ಮತ್ತೆ ಹತ್ತಿಸಿದರು. ತಿರುವಿನಲ್ಲಿ ಸ್ಟ್ರೆಚರಿನ ಒಂದು ತುದಿ ನನ್ನ ಕೈಯಲ್ಲಿತ್ತು. ಆ ಭಾರ ಗೊತ್ತಿರುವುದರಿಂದ ಹೇಳುತ್ತಿದ್ದೇನೆ, ಅವತ್ತು ನಮ್ಮೋರು ಒಬ್ಬರಾದರೂ ಬರಬಹುದೆಂದು ಬಾಗಿಲ ಕಡೆ ನೋಡುತ್ತಲೇ ಇದ್ದೆ. ಬರಲಿಲ್ಲ.

ಬಂದದ್ದು ಚುನಾವಣೆಗೆ. ಮೊದಲು ನಿನ್ನ ಕಡೆಯ ಎಳೆಯರು ಬಂದರು, ಕೈಯಲ್ಲಿ ಕಂಪ್ಯೂಟರಿನ ಹಲಗೆ, ಬೆನ್ನಿಗೆ ಒಂದೇ ಬಣ್ಣದ ಚೀಲ. ಒಬ್ಬಳು ನಮ್ಮ ಜಗಲಿಯಲ್ಲಿ ಕೂತು, ನಿಮ್ಮ ಆದ್ಯತೆ ಯಾವುದು, ಒಂದನ್ನು ಆರಿಸಿ ಅಂದಳು. ಬಸ್ಸು ಅಂದೆ. "ಅದು ಇದ್ರಲ್ಲಿ ಇಲ್ಲ ಆಂಟಿ, ಮೂಲಸೌಕರ್ಯ ಅಂತ ಒತ್ಲಾ?" ಅಂದಳು. ಒತ್ತು ಅಂದೆ. ಪಾಪ, ಆ ಹುಡುಗಿ ಬಿಸಿಲಲ್ಲಿ ಬಳಲಿದ್ದಳು, ನೀರು ಕೊಟ್ಟು ಕಳಿಸಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈಗೆ ಆ ಹಲಗೆ ಕೊಟ್ಟು, ಊರಿನ ಬಾಯಿಗೆ ಬಟನ್ನು ಹೊಲಿದವರು ಇದ್ದಾರಲ್ಲ, ಅವರಲ್ಲಿ ನೀನೂ ಒಬ್ಬ.

ಆಮೇಲೆ ಇಸ್ತ್ರಿ ಸಾಹೇಬರು ಕಾರ್ಖಾನೆಗೇ ಬಂದರು. ನಮ್ಮ ಹಾಗೆ ಏಪ್ರನ್ ಹಾಕಿ, ಕಿಲಕಿಲ ಕೂರುತ್ತಿದ್ದ ಜಾಗದಲ್ಲೇ ಕೂತು ಸೀಸೆ ಎತ್ತಿ ನೋಡಿದರು. ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ದೀಪ ಜೋಡಿಸಲು ಸಾಲನ್ನೇ ನಿಲ್ಲಿಸಿದರು. "ನಾನೂ ಕಾರ್ಮಿಕನ ಮಗನೇ" ಎಂದರು. ಅವರಪ್ಪ ಇದೇ ಕಾರ್ಖಾನೆಯ ಮ್ಯಾನೇಜರ್ ಆಗಿದ್ದರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಆ ಜಾಗ ಯಾರದು, ಅವಳು ಎಲ್ಲಿ ಎಂದು ಒಂದು ಮಾತು ಕೇಳಿದ್ದರೆ, ಸತ್ಯವಾಗಿ ಹೇಳುತ್ತೇನೆ, ಅಷ್ಟಕ್ಕೇ ಕರಗಿ ಓಟು ಹಾಕುವಂಥ ಪೆದ್ದರು ನಾವು. ಕೇಳಲಿಲ್ಲ. ಸಾಲು ನಿಂತ ಹೊತ್ತನ್ನು ತುಂಬಿಸಿಕೊಡಲು ಸೂಪರ್‌ವೈಸರ್ ನಮ್ಮನ್ನು ಪಾಳಿ ಮುಗಿದ ಮೇಲೂ ಕೂರಿಸಿದ. ಹೊರಗೆ ಬಂದರೆ, ಚುನಾವಣೆ ಹತ್ತಿರ ಬಂದಾಗಿನಿಂದ ಹೆಂಗಸರನ್ನು ಮನೆಗೆ ಬಿಡುತ್ತಿದ್ದ ಹಲ್ಲಣ್ಣನ ವ್ಯಾನು ಗೇಟಿನಲ್ಲಿ ನಿಂತಿತ್ತು. ತಡವಾಯಿತೆಂದು ಹೊರಟುಹೋಗಿರಲಿಲ್ಲ.

ನೀನು ಹೇಳಿದ ವ್ಯಾನು ಇದೇ. ಅದು ಮತ ಎಣಿಕೆಯ ಮರುದಿನ ನಿಲ್ಲುತ್ತದೆಂದು ಹತ್ತುವಾಗಲೇ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಅದರೊಳಗೆ ಕೂತೇ ಅವನನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದರು, ಡ್ರೈವರೂ ಸೇರಿಕೊಳ್ಳುತ್ತಿದ್ದ. ಹಾಗೇ ಆಯಿತು, ನಿಂತಿತು. ಗೆದ್ದ ಹಲ್ಲಣ್ಣ ಈಗ ಕಾರಿನ ಗಾಜು ಇಳಿಸುವುದಿಲ್ಲ. ನಾವು ಯಾರೂ ಮರುಳಾಗಲಿಲ್ಲ ತಮ್ಮಾ. ಒಬ್ಬ ನಮ್ಮನ್ನು ಕೊಳ್ಳುವುದಕ್ಕೆ ಬಂದಿದ್ದ, ಇನ್ನೊಬ್ಬ ಆಗಲೇ ನಮ್ಮನ್ನು ಕೊಂಡಾಗಿದೆ ಎಂದುಕೊಂಡಿದ್ದ. ಕೊಳ್ಳಲು ಬಂದವನು ಬಾಗಿಲಾದರೂ ತಟ್ಟುತ್ತಾನೆ. ನಾನೂ ಹಲ್ಲಣ್ಣನಿಗೇ ಓಟು ಹಾಕಿದೆ. ಬಟನ್ನು ಒತ್ತುವಾಗ ಅಪ್ಪನ ನೆನಪಾಯಿತೇ ಎಂದು ನೀನು ಕೇಳುತ್ತೀಯ. ಆಯಿತು. ಅದಕ್ಕೇ ಜೋರಾಗಿ ಒತ್ತಿದೆ.

ಮುಂದಿನ ತಿಂಗಳು ನೀವೆಲ್ಲ "ಜನರ ದನಿ" ಎಂದು ಊರೂರಿಗೆ ಬಂದು ಕೇಳಿಸಿಕೊಳ್ಳುತ್ತೀರಂತೆ, ಹೆಂಗಸರನ್ನು ಸೇರಿಸಿ ಕೊಡು ಎಂದಿದ್ದೀಯ. ಪುರಸಭೆಯ ಸಭಾಂಗಣ, ಸಂಜೆಯ ಹೊತ್ತು. ಆ ಹೊತ್ತಿಗೆ ಆ ಹೆಂಗಸರೆಲ್ಲ ಕೆಲಸದ ಮೇಲಿರುತ್ತಾರೆ. ಬೇಕಿದ್ದರೆ ಖಾಲಿ ಕುರ್ಚಿಗಳ ದನಿ ಕೇಳಿಸಿಕೊಳ್ಳಿ, ಅವು ಎದುರು ಮಾತಾಡುವುದಿಲ್ಲ. ಅಥವಾ ನೀನೊಬ್ಬನೇ ಪಾಳಿ ಬಿಡುವ ಹೊತ್ತಿಗೆ ಗೇಟಿಗೆ ಬಂದು, ಅವರ ಜೊತೆ ಹಳ್ಳಿಯವರೆಗೆ ನಡೆ. ದಾರಿಯುದ್ದಕ್ಕೂ ಮಾತಾಡುತ್ತಾರೆ. ನಿನ್ನ ವರದಿ ತಾನಾಗಿಯೇ ತುಂಬುತ್ತದೆ, ಬೂಟೂ ಸ್ವಲ್ಪ ಸವೆಯುತ್ತದೆ.

ಇಷ್ಟೆಲ್ಲ ಬರೆದೆನೆಂದು ಊಟ ಬಿಡಬೇಡ. ನಿನ್ನನ್ನು ಎತ್ತಿ ಆಡಿಸಿದ ಕೈ ಇದು, ಕಿವಿ ಹಿಂಡುವುದಕ್ಕೂ ಅದಕ್ಕೆ ಹಕ್ಕಿದೆ. ಅಮ್ಮ, ನಿನ್ನ ಭಾವ ಇಬ್ಬರೂ ಕೇಳಿದ್ದೇವೆಂದು ತಿಳಿಸಲು ಹೇಳಿದರು. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ಮರೆತಿದ್ದೆ, ಅಂಚೆಯವನು ಬರುವ ಹೊತ್ತಾಯಿತು. ಪುರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ಕಿಲಕಿಲ ನಿಲ್ಲುತ್ತಿದ್ದಾಳೆ, ಪಕ್ಷೇತರಳಾಗಿ. ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಮನೆ ಮನೆ ಹತ್ತುತ್ತಿದ್ದಾಳೆ. ಹಲ್ಲಣ್ಣ ಬಂದು ಕಾರು ಕೊಡುತ್ತೇನೆಂದ, ನಿಮ್ಮ ಜಿಲ್ಲಾಧ್ಯಕ್ಷರು ಬಂದು ಮಹಿಳಾ ಘಟಕದ ಉಪಾಧ್ಯಕ್ಷೆ ಮಾಡುತ್ತೇವೆಂದರು. ಇಬ್ಬರಿಗೂ ನಕ್ಕು ಕಳಿಸಿದಳು. ಅವಳ ನಾಮಪತ್ರಕ್ಕೆ ಸೂಚಕಳಾಗಿ ನಾನು ಸಹಿ ಹಾಕಿದ್ದೇನೆ, ಅನುಮೋದಕಳಾಗಿ ಅಮ್ಮ. ನನ್ನನ್ನು ಹಿಂದೆ ಸರಿಸಲು ಅಧ್ಯಕ್ಷರು ನಿನಗೆ ಫೋನು ಮಾಡುತ್ತಾರೆ, ಎತ್ತಬೇಡ. ನಿನ್ನ ಪಕ್ಷದ ಪರವಾಗಿ ಪ್ರಚಾರಕ್ಕೆ ಬರುವುದೇ ಆದರೆ ಲಾಡ್ಜಿನಲ್ಲಿ ಇಳಿದುಕೋ, ಈ ಮನೆಯಲ್ಲಿ ಅವಳ ಚುನಾವಣೆಯ ಕಚೇರಿ ನಡೆಯುತ್ತಿದೆ, ನಿನ್ನ ಮಂಚದ ಮೇಲೆಲ್ಲ ಅವಳ ಕರಪತ್ರ. ಊಟಕ್ಕೆ ಬಾ. ಬರುವಾಗ ಎದೆಯ ಮೇಲಿನ ಪಕ್ಷದ ಬಿಲ್ಲೆ ತೆಗೆದು ಬಾ, ಅಮ್ಮನ ಕಣ್ಣಿಗೆ ಬೀಳುವುದು ಬೇಡ.