ಸೂಜಿಯ ಗೀರು

ಮಾರ್ಚ್ 3, ಬೆಳಿಗ್ಗೆ 7
ಮತ್ತೆ ಟೆರೇಸು. ಎದುರಿನ ನೀರಿನ ಟ್ಯಾಂಕು ಇವತ್ತೂ ಮಸುಕು. ಹೊಸ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಅಪ್ಪನ ಹಳೆ ಲೆನ್ಸ್ ಕೂಡಿಸಿದ್ದೇನೆ. ಫೋಕಸ್ ಕೈಯಲ್ಲೇ ತಿರುಗಿಸಬೇಕು. ಕೊನೆತನಕ ತಿರುಗಿಸಿದರೂ ಹತ್ತು ಅಡಿಯಾಚೆಗೆ ಯಾವುದೂ ತಿಳಿಯಾಗದು. ಹೋದ ತಿಂಗಳು ಸರಿಯಿತ್ತು. ನಡುವೆ ನನ್ನವರು ಬಿಚ್ಚಿ, ಒಳಗಿನ ಬೂಷ್ಟು ಒರೆಸಿಕೊಟ್ಟರು. ಅಷ್ಟೇ.
ಇವರಿಗೆ ಹೇಳಿದ್ದಕ್ಕೆ ಬಂದ ಉತ್ತರ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ಕಣ್ಣು ತೋರಿಸ್ಕೋ."
ಮೂವತ್ತು ವರ್ಷ ವಾಚ್ ರಿಪೇರಿ ಮಾಡಿದ ಕೈ. ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದೆ.

ಮಾರ್ಚ್ 5
ಕಣ್ಣಿನ ಡಾಕ್ಟರು: "ಓದೋ ಕನ್ನಡಕ ಬಿಟ್ರೆ ಏನೂ ಬೇಡ ಮೇಡಂ. ದೂರದ್ದು ಚೆನ್ನಾಗಿದೆ."
ಖುಷಿಪಡಬೇಕಿತ್ತು.
ಅದೇ ಅಡಾಪ್ಟರಿಗೆ ಇನ್ನೊಂದು ಹಳೆ ಲೆನ್ಸ್ ಹಾಕಿದೆ. ಟ್ಯಾಂಕಿನ ಏಣಿಯ ಮೆಟ್ಟಿಲು ಎಣಿಸಬಹುದು.

ಮಾರ್ಚ್ 6
ಬಿಚ್ಚುವಾಗ, ಲೆನ್ಸಿನೊಳಗೆ ತಿರುಪಿನಂತೆ ಒಂದರೊಳಗೊಂದು ತಿರುಗುವ ಎರಡು ಕೊಳವೆ ಎಲ್ಲಿ ಬೇರೆಯಾದವೋ ಅಲ್ಲಿ ಸೂಜಿಯಿಂದ ಗೀರಬೇಕು. ಮತ್ತೆ ಅಲ್ಲಿಂದಲೇ ಸೇರಿಸಬೇಕು. ನನಗೆ ಹೇಳಿಕೊಟ್ಟವರೇ ಇವರು. ಕವಿತೆಯಲ್ಲಿ ದೂರವೆಂದರೆ ಹಂಬಲ. ಇಲ್ಲಿ ಒಂದು ಥ್ರೆಡ್, ತಿರುಪಿನ ಒಂದು ಗೆರೆ, ತಪ್ಪಿದರೆ ದೂರವೇ ಇಲ್ಲ.
ಕನ್ನಡಕ ಹಾಕಿ ಅಪ್ಪನ ಲೆನ್ಸಿನ ಒಳಕೊಳವೆಯ ಅಂಚು ನೋಡಿದೆ. ಇವರ ಗೀರು ಯಾವಾಗಲೂ ಒಂದೇ, ಕೂದಲೆಳೆಯಷ್ಟು. ಈಗ ಐದಾರು... ಕೋಳಿ ಕೆದರಿದ ಹಾಗೆ.

ಮಾರ್ಚ್ 8, ಇವರ ವಾಚ್ ಅಂಗಡಿಯಲ್ಲಿ
ಸರಿಯಿರುವ ಲೆನ್ಸಿನಲ್ಲಿ ಇವರ ಫೋಟೋ ತೆಗೆಯಲು ಕೂತೆ. ಆಟೋಫೋಕಸ್ ಆಗಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಇದರಲ್ಲಿ ನೋಡುತ್ತಲೇ ಇರಬೇಕು. ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಬೆರಳಿಗೆ ಫೋಕಸ್ ಕೂರಿಸಹೋದೆ. ಕೂರಲಿಲ್ಲ. ಚಿಮುಟ ಹಿಡಿದ ಬೆರಳು ನಿಲ್ಲಲೇ ಇಲ್ಲ.
"ಆಯ್ತೇನೇ?"
"ಹೂಂ ರೀ, ಬಂತು."
ಕ್ಲಿಕ್ಕಿಸಿರಲಿಲ್ಲ.
ನಾಳಿದ್ದು ಮೇಷ್ಟ್ರೊಬ್ಬರು ತಮ್ಮ ತಂದೆಯ ವಾಚ್ ತರುತ್ತಾರೆ. ಬಿಡಿಭಾಗ ಎಲ್ಲೂ ಸಿಗದು. ಇವರು ರಿಪೇರಿಗೆ ಒಪ್ಪಿಕೊಂಡಿದ್ದಾರೆ. ಕೈಯ ವಿಷಯ ಹೇಳದಿದ್ದರೆ ಆ ವಾಚ್ ಹೋಯಿತು. ಹೇಳಿದರೆ ಇವರು.

ಮಾರ್ಚ್ 9
ಮಾತು ಬಾಯಿತನಕ ಬಂತು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಮಾರ್ಚ್ 10, ಸಂಜೆ
ಇವರೇ ಅಪ್ಪನ ಲೆನ್ಸ್ ಕೇಳಿದರು. "ಟ್ಯಾಂಕು ಬರ್ತಿಲ್ಲ ಅಲ್ವಾ?"
"ನನ್ನ ಕಣ್ಣೇ ಸರಿಯಿಲ್ಲ ಅಂತ ಡಾಕ್ಟರು—"
"ಡಾಕ್ಟರ ಚೀಟಿ ನೋಡ್ದೆ. ಸುಳ್ಳು ಹೇಳೋಕೂ ಕೈ ಪಳಗಿರ್ಬೇಕು ಕಣೇ."
ಮೇಷ್ಟ್ರ ವಾಚನ್ನು ಮುಟ್ಟದೆಯೇ ವಾಪಸು ಕಳಿಸಿದರಂತೆ.
ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಸ್ಕ್ರೂಡ್ರೈವರ್ ನನ್ನ ಕೈಗಿಟ್ಟರು. ತಮ್ಮ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು, ಗದರಿಸಿಕೊಂಡ ಮಗುವಿನ ಹಾಗೆ. "ನಾನು ಹೇಳ್ತೀನಿ. ನೀನು ಬಿಚ್ಚು."
ಮೂರು ಸಲ ಸೇರಿಸಿದೆ, ಮೂರು ಕಡೆಯಿಂದ. ಮೂರು ಸಲವೂ ಟೆರೇಸಿನಿಂದ ನೋಡಿದರೆ ಟ್ಯಾಂಕು ಮಸುಕು. ಬೆಳಕು ಇನ್ನು ಹತ್ತು ನಿಮಿಷ. ಟೀ ನೆಪದಲ್ಲಿ ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗಿಂದ ಕರೆಯುತ್ತಿದ್ದಾರೆ. "ಇನ್ನೊಂದು ಥ್ರೆಡ್ ಆಚೆ ನೋಡೋಣ ಬಾರೇ. ಸರಿಯಾಗಿ ಕೂತ್ರೆ, ಸೂಜಿ ಗೀರು ನೀನೇ—"