ಗಂಧ ಹಚ್ಚಿದ ಲ್ಯಾಪ್‌ಟಾಪ್

೯ ಸೆಪ್ಟೆಂಬರ್ ೨೦೨೫, ಮಂಗಳವಾರ. ಸುಳ್ಯ

ಸ್ಟುಡಿಯೋ ಬಾಗಿಲು ತೆಗೆದು, ಗುಡಿಸಿ, ಊದುಬತ್ತಿ ಹಚ್ಚಿ, ಲ್ಯಾಪ್‌ಟಾಪ್ ಆನ್ ಮಾಡಿದೆ. ಪರದೆಯ ಎಡಮೂಲೆ ಮತ್ತೆ ಮಿಣುಕಿತು. ಈ ವಾರ ಮೂರನೆಯ ಸಲ. ಒಂದೂವರೆ ಲಕ್ಷದ ಸಾಮಾನು, ಎರಡು ವರ್ಷ ತುಂಬಿಲ್ಲ. ಮುಚ್ಚಿ ತೆರೆದೆ, ಸರಿಯಾಯಿತು. ಸರಿಯಾಯಿತಲ್ಲ ಅಂತ ಸುಮ್ಮನಾಗುವುದೇ ನನ್ನ ರೋಗ.

ಮಂಗಳೂರಿನ ಸರ್ವಿಸ್ ಸೆಂಟರಿಗೆ ಎರಡು ಸಲ ಹೊತ್ತುಕೊಂಡು ಹೋದದ್ದಾಯಿತು. "ಇಲ್ಲಿ ಮಿಣುಕುದಿಲ್ಲ ಸರ್" ಅಂತ ವಾಪಸು ಕೊಟ್ಟರು. ಡಾಕ್ಟರ ಎದುರು ಹೊಟ್ಟೆನೋವು ನಿಲ್ಲುವ ಮಕ್ಕಳ ಹಾಗೆ ಇದೂ.

ಹಳೆಯ ಲ್ಯಾಪ್‌ಟಾಪ್ ನೆನಪಾಯಿತು. ಕಪ್ಪು, ದಪ್ಪ, ಮೂರು ಕೆಜಿ. ಫ್ಯಾನಿನ ಶಬ್ದಕ್ಕೆ ಗಿರಾಕಿಗಳು "ಒಳಗೆ ಯಾರು ಮಿಕ್ಸಿ ತಿರುಗಿಸುದು" ಅಂತ ಕೇಳುತ್ತಿದ್ದರು. ಒಮ್ಮೆ ಮದುವೆ ಹಾಲ್‌ನಲ್ಲಿ ಮೇಜಿನಿಂದ ಬಿದ್ದು ಮೂಲೆ ಒಡೆಯಿತು. ಆ ದಿನವೂ ಕೆಲಸ ಮಾಡಿತು. ಹತ್ತು ವರ್ಷ.

೧೪ ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಕಾಣಿಯೂರಿನಿಂದ ಕುಮುದಿನಿ ಅಕ್ಕನ ಫೋನ್. ಮಗಳು ಭವಿತಾಳ ಮದುವೆ ಡಿಸೆಂಬರ್ ೭ಕ್ಕೆ ಗಟ್ಟಿ.

"ಹಿಂದಿನ ದಿನ ಎಣ್ಣೆ ಅರಸಿನಕ್ಕೆ ಅಮ್ಮನ ಸೋಬಾನೆ ಹಾಕ್ಬೇಕು ಉದಯ. ಈಗ ಹಾಡುವವರು ಯಾರು ಉಂಟು?"

"ಉಂಟಕ್ಕ. ಲ್ಯಾಪ್‌ಟಾಪಲ್ಲಿ ಉಂಟು."

ಫೋನಿಟ್ಟು, ಅದನ್ನು ಹಾಕಿ ಕೇಳಿದೆ. ಹನ್ನೆರಡು ನಿಮಿಷ. ೨೦೧೬ರಲ್ಲಿ ಅಡುಗೆಮನೆಯಲ್ಲಿ ಕೂರಿಸಿ ರೆಕಾರ್ಡ್ ಮಾಡಿದ್ದು. ಅಮ್ಮ ತೆಂಗಿನಕಾಯಿ ತುರಿಯುತ್ತಲೇ ಹಾಡಿದ್ದು. ಊರಿನ ಎಷ್ಟೋ ಮದುಮಕ್ಕಳಿಗೆ ಸೋಬಾನೆ ಹೇಳಿದ ನಮ್ಮಮ್ಮ ತಿಮ್ಮಕ್ಕ, ಕ್ಯಾಮೆರಾ ಕಂಡರೆ ಮಾತ್ರ ನಾಚುತ್ತಿದ್ದರು. ಹೋಗಿ ಆರು ವರ್ಷವಾಯಿತು.

ಗಿರಾಕಿಗಳ ಮದುವೆ ಎರಡೆರಡು ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಅಮ್ಮನದ್ದು ಇದೊಂದರಲ್ಲೇ. ಮನೆಯದ್ದಲ್ಲವಾ... ಕಾಪಿ ಮಾಡಬೇಕು. ನಾಳೆ.

೧ ಅಕ್ಟೋಬರ್, ಬುಧವಾರ. ಆಯುಧಪೂಜೆ

ಕ್ಯಾಮೆರಾ, ಟ್ರೈಪಾಡ್, ಲೈಟು, ಲ್ಯಾಪ್‌ಟಾಪ್ — ಬಾಳೆಲೆಯ ಮೇಲೆ ಸಾಲಾಗಿ ಇಟ್ಟೆ. ಸೇವಂತಿಗೆ, ಗಂಧ, ಕುಂಕುಮ. ಗಿಂಡಿಯ ನೀರು ತುಳಸಿಯಲ್ಲಿ ಚಿಮುಕಿಸಿದೆ. ಲ್ಯಾಪ್‌ಟಾಪ್ ತೆರೆದೇ ಇಟ್ಟಿದ್ದೆ, ಹಳೆಯದಕ್ಕೆ ಮಾಡುತ್ತಿದ್ದಂತೆ. ಕೀಲಿಗಳ ಮೇಲೂ ಬಿತ್ತು.

ಹಿಂದೆ ಈ ದಿನ ಅಮ್ಮನೇ ಬಂದು ಗಂಧ ಹಚ್ಚುವುದು. ಹೆಬ್ಬೆರಳಿನಲ್ಲಿ ಸ್ಪೇಸ್ ಬಾರ್‌ಗೆ ಒಂದು ದೊಡ್ಡ ಬೊಟ್ಟು. "ಅದಕ್ಕೇ ಅಲ್ಲವಾ ನೀನು ಜಾಸ್ತಿ ಪೆಟ್ಟು ಕೊಡುದು." ಮರುದಿನ ಹಲ್ಲುಕಡ್ಡಿ ಹಿಡಿದು ಒಣಗಿದ ಗಂಧ ಕೆರೆಯುವುದು ನನ್ನ ಕೆಲಸ.

ಕಾಪಿ ಮಾಡುವುದು ಇವತ್ತೂ ಆಗಲಿಲ್ಲ. ಪೂಜೆಗೆ ಇಟ್ಟದ್ದನ್ನು ಮುಟ್ಟಬಾರದಲ್ಲ.

೨ ಅಕ್ಟೋಬರ್. ದಶಮಿ

ಆನ್ ಆಗುತ್ತಿಲ್ಲ.

೧೩ ಅಕ್ಟೋಬರ್, ಸೋಮವಾರ

ಸರ್ವಿಸ್ ಸೆಂಟರಿನ ಹುಡುಗಿ ಮಡಿಚಿದ ರಿಪೋರ್ಟ್ ಮುಂದಿಟ್ಟಳು. ನೀರು ಹೋಗಿದೆ. ವಾರಂಟಿ ಇಲ್ಲ.

"ಒಳಗೆ ಕೆಂಪು ಪುಡಿ ಕೂಡ ಉಂಟು ಸರ್. ಅದೆಂತದು?"

"ಕುಂಕುಮ."

ಪಾಪ, ನಗು ತಡೆದುಕೊಂಡಳು. ಪರದೆ ಮಿಣುಕುತ್ತಿದ್ದ ಕಂಪ್ಲೇಂಟು ಮೊದಲೇ ಇತ್ತಲ್ಲ ಅಂದೆ. ಅದು ಬೇರೆ, ಇದು ಬೇರೆ ಅಂದಳು. ಬೋರ್ಡ್ ಬದಲಿಸಬೇಕಂತೆ.

"ಒಳಗೆ ಇರುವುದೆಲ್ಲ?"

"ಬೋರ್ಡಿನೊಟ್ಟಿಗೇ ಹೋಗ್ತದೆ ಸರ್."

ಹತ್ತು ವರ್ಷ ಗಂಧ ಕುಡಿದು ಗಟ್ಟಿಯಾಗಿದ್ದ ಒಂದು. ಎರಡು ಹನಿ ನೀರಿಗೆ ಸತ್ತ ಇನ್ನೊಂದು. ತಪ್ಪು ನನ್ನದೇ ಇರಬಹುದು. ಆದರೂ ಸಿಟ್ಟು ಬರುತ್ತದೆ. ಅದರ ಮೇಲೆ, ಕಂಪನಿಯ ಮೇಲೆ, ಆಮೇಲೆ ನನ್ನ "ನಾಳೆ"ಯ ಮೇಲೆ.

೧೫ ಅಕ್ಟೋಬರ್, ಬುಧವಾರ. ಕಬಕ

ಹೈದರ್‌ನ ರಿಪೇರಿ ಅಂಗಡಿ. ನನ್ನ ಹಳೆಯದನ್ನು ಅಷ್ಟು ವರ್ಷ ಬದುಕಿಸಿದವನು ಇವನೇ, ಹೊಸದು ತಂದಾಗ ಅದನ್ನು ಮಾರಿದ್ದೂ ಇವನಿಗೇ. ಹೊಸದರ ಅಡಿ ಬಿಚ್ಚಿ ನೋಡಿದ.

"ಇದರಲ್ಲಿ ತೆಗಿಲಿಕ್ಕೆ ಎಂತ ಇಲ್ಲ ಉದಯಣ್ಣ. ಎಲ್ಲ ಬೋರ್ಡಿಗೇ ಬೆಸುಗೆ. ನಿಮ್ಮ ಹಳೇದಾದ್ರೆ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಡಿಸ್ಕ್ ಕೈಗೆ ಬರ್ತಿತ್ತು."

"ಅದು ಈಗ ಎಲ್ಲುಂಟು?"

"ನೆಲ್ಯಾಡಿಯ ರಬ್ಬರ್ ಅಂಗಡಿಯಲ್ಲಿ. ಇವತ್ತಿಗೂ ಬಿಲ್ಲು ಹೊಡಿತಾ ಉಂಟು ಮಾರಾಯ್ರೆ." ಮತ್ತೆ ನನ್ನ ಮುಖ ನೋಡಿದ. "ಆದ್ರೆ ಕೊಡುವಾಗ ನೀವೇ ಎಲ್ಲ ಅಳಿಸಿದ್ದಲ್ಲವಾ?"

ಹೌದು. ನೆರೆಮನೆಯಿಂದ ತಂದ ಪಾತ್ರೆ ತೊಳೆದೇ ಹಿಂದೆ ಕೊಡಬೇಕೆಂದು ಅಮ್ಮ ಕಲಿಸಿದ್ದು. ಹಾಗೆಯೇ ತಿಕ್ಕಿ ತೊಳೆದು ಕೊಟ್ಟಿದ್ದೆ.

"ನೋಡುವ, ಅಳಿಸಿದ್ದೂ ಒಮ್ಮೊಮ್ಮೆ ಸಿಗ್ತದೆ" ಅಂದ ಹೈದರ್. "ಒಂದು ಆದಿತ್ಯವಾರ ಹೋಗುವ."

೨೬ ಅಕ್ಟೋಬರ್, ಭಾನುವಾರ. ನೆಲ್ಯಾಡಿ

ರಬ್ಬರ್ ಶೀಟಿನ ವಾಸನೆಯ ನಡುವೆ ಕುಳಿತಿತ್ತು. ಒಡೆದ ಮೂಲೆಗೆ ನಾನು ಅಂಟಿಸಿದ್ದ ಟೇಪು ಹಾಗೇ ಉಂಟು. ಆನ್ ಮಾಡಿದರೆ ಅದೇ ಮಿಕ್ಸಿ. ಸ್ಪೇಸ್ ಬಾರ್‌ನ ಸಂದಿಯಲ್ಲಿ, ಹಲ್ಲುಕಡ್ಡಿ ತಲುಪದ ಕಡೆ, ಹಳದಿ ಗಂಧ. ಬೆರಳಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. ಅಂಗಡಿಯವರು ಏನು ತಿಳಿದುಕೊಂಡರೋ.

ಹೈದರ್ ಮೂರು ಗಂಟೆ ಕುಳಿತ. ಅಳಿಸಿದ್ದರ ಮೇಲೆ ಸುಮಾರು ಎರಡು ವರ್ಷದ ಬಿಲ್ಲು ಬಿದ್ದಿದೆ. ಸಿಕ್ಕಿದ್ದು ನಲವತ್ತು ಸೆಕೆಂಡ್. ಹಾಡಲ್ಲ. ಹಾಡು ಮುಗಿದ ಮೇಲಿನದ್ದು, ನಾನು ಕತ್ತರಿಸಿ ಎಸೆದಿದ್ದ ತುಂಡು.

ಅಮ್ಮನ ಸ್ವರ, ನಮ್ಮ ಅರೆಭಾಷೆಯಲ್ಲಿ. ಆತಾ ಮಗ? ಹಾಗಾದರೆ ಈಗ ನೀನು ಹೇಳು ನನ್ನೊಟ್ಟಿಗೆ, ಕಲಿಸಿಬಿಡುತ್ತೇನೆ.

ಆಮೇಲೆ ನನ್ನ ಸ್ವರ. ನನಗೆ ಎಂತಕ್ಕಮ್ಮ, ಇದರಲ್ಲಿ ಉಂಟಲ್ಲ.

ಆಮೇಲೆ ತುರಿಯುವ ಶಬ್ದ.

ಹೈದರ್ ಚಹಾ ತರುತ್ತೇನೆಂದು ಎದ್ದು ಹೊರಗೆ ಹೋದ. ನಾನು ಅತ್ತುಬಿಟ್ಟೆ.

೧೬ ನವೆಂಬರ್, ಭಾನುವಾರ. ಕಾಣಿಯೂರು

ಮೂರು ವಾರ ತಳ್ಳಿ, ಇವತ್ತು ಅಕ್ಕನಿಗೆ ಹೇಳಿದೆ.

"ಅಮ್ಮನನ್ನು ಒಂದು ಡಬ್ಬದಲ್ಲಿ ಇಟ್ಟು ಕಳೆದೆಯಲ್ಲ" ಅಂದಳು. ಎದ್ದು ಒಳಗೆ ಹೋದಳು. ಪಾತ್ರೆಗಳನ್ನು ಜೋರಾಗಿ ಇಟ್ಟಳು. ತುಂಬ ಹೊತ್ತಿನ ನಂತರ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟು ಸಲ ಕೇಳಿದ್ದಿ ಅದನ್ನು?"

"ಲೆಕ್ಕ ಇಲ್ಲ."

"ಹಾಗಾದ್ರೆ ಕೂತ್ಕೊ. ಪುಸ್ತಕ ತೆಗಿ."

ಅವಳಿಗೆ ಸಾಲುಗಳ ತಲೆ ಗೊತ್ತು, ಬಾಲ ಗೊತ್ತಿಲ್ಲ. ನನಗೆ ಅಮ್ಮ ಎಲ್ಲಿ ಉಸಿರು ತೆಗೆಯುತ್ತಿದ್ದರು ಅನ್ನುವುದು ಗೊತ್ತು. ಎರಡೂ ಸೇರಿಸಿ ಸಂಜೆಯವರೆಗೆ ಹತ್ತು ಸಾಲು ಎಬ್ಬಿಸಿದೆವು. ಒಂದು ಕಡೆ ಮಾತ್ರ ತೂತು ಬಿದ್ದಿದೆ.

೬ ಡಿಸೆಂಬರ್, ಶನಿವಾರ. ಕಾಣಿಯೂರು, ಸಂಜೆ ೫

ಸ್ಪೀಕರ್ ಇಲ್ಲ. ಅಕ್ಕ ಮತ್ತು ನಾನು ಬಾಯಲ್ಲೇ ಹೇಳುವುದು. ಐವತ್ತೆರಡು ವರ್ಷದ ಗಂಡಸು ಸೋಬಾನೆ ಹೇಳುತ್ತಾನೆಂದು ಚಪ್ಪರದಲ್ಲಿ ಆಗಲೇ ನಗು ಶುರುವಾಗಿದೆ. ನಗಲಿ. ಅವತ್ತು ಅಡುಗೆಮನೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ.

ಕೋಣೆಯಲ್ಲಿ ಕುಳಿತು ಕೊನೆಯ ಸಲ ಬರೆದು ನೋಡುತ್ತಿದ್ದೇನೆ.

ಎಣ್ಣೆಯ ಬಟ್ಟಲ ಅವ್ವನು ತಂದಾಳೆ
ಅರಸಿನ ಗಿಂಡಿಯ ಅತ್ತಿಗೆ ತಂದಾಳೆ
ಮದುಮಗಳ ಕೆನ್ನೆಗೆ ಮೊದಲ್ಯಾರು ಹಚ್ಚುವರು

ನಾಲ್ಕನೆಯದು ಇವತ್ತೂ ಇಲ್ಲ. ಯಾರು ಹಚ್ಚುವರು ಅಂತ ಕೇಳಿ, ಉತ್ತರವೇ ಇಲ್ಲದೆ ಮುಂದೆ ಹೋಗಬೇಕು. ಅಮ್ಮ ಇಲ್ಲಿ ತುರಿಯುವುದನ್ನು ನಿಲ್ಲಿಸುತ್ತಿದ್ದರು. ಅದೊಂದೇ ನೆನಪು.

ಭವಿತಾ ಬಂದು ಇಣುಕಿದಳು. "ಮಾವ, ಬನ್ನಿ. ಮಣೆ ಇಟ್ಟಾಯ್ತು. ಅಮ್ಮ ಶುರು ಮಾಡಿಯಾಯ್ತು."

ಕೇಳುತ್ತಿದೆ. ಅಕ್ಕನ ಸ್ವರ ಥೇಟ್ ಅಮ್ಮನದೇ, ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಮೂರನೆಯ ಸಾಲು ಹೇಳಿದಳು. ನಿಂತಳು. ನನಗಾಗಿ ಕಾಯುತ್ತಿದ್ದಾಳೆ. ಬಂತು, ನಾಲ್ಕನೆಯದು ನನ್ನ ಬಾಯಿಗೇ ಬಂತು. ಪುಸ್ತಕ ಇಲ್ಲೇ ಬಿಟ್ಟು ಹೇಳಲಿಕ್ಕೆ ಹೋಗುತ್ತೇನೆ —